ಗೋಣು ಆಡಿಸುವಷ್ಟು ಹೊತ್ತು

ಅಳುವ ಮಗುವಿಗೇ ಹಾಲು ಅನ್ನುವ ಗಾದೆ ಹುಟ್ಟದೇ ಉಳಿದ ಊರೊಂದಿತ್ತು. ಅಲ್ಲಿ ಯಾರೂ ತಮಗೆ ಬೇಕಾದದ್ದನ್ನು ತಮ್ಮ ಬಾಯಿಂದ ಹೇಳಬಾರದು. ಬಾಯಾರಿದವನು ನೀರು ಅನ್ನಬಾರದು, ಹಸಿದವಳು ಅನ್ನ ಅನ್ನಬಾರದು. ಪಕ್ಕದಲ್ಲಿದ್ದವರು ಮುಖ ನೋಡಿ ಹೇಳಬೇಕು: "ಇವರಿಗೆ ನೀರು ಬೇಕು." ಹೇಳಿ, ಗೋಣು ನೋಡುತ್ತಾ ನಿಲ್ಲಬೇಕು. ಗೋಣು ಕೆಳಗೆ ಬಂದರೆ ಹೌದು. ಅಕ್ಕಪಕ್ಕ ಆಡಿದರೆ ಅಲ್ಲ, ಇನ್ನೊಂದು ಹೇಳಿ ನೋಡಬೇಕು. ಹೌದಾದದ್ದು ಯಾರ ಕೈಯಲ್ಲಿದೆಯೋ ಅವರು ಕೊಡಲೇಬೇಕು. ಯಾರೂ ಹೇಳದೆ ತೆಗೆದುಕೊಂಡರೆ ಕದ್ದ ಹಾಗೆ. ಈ ಕಟ್ಟಳೆ ಯಾರು ಮಾಡಿದರೋ ಗೊತ್ತಿಲ್ಲ. ಮಾಡಿದವರು ಇದು ನಮಗೆ ಬೇಕಾಗಿತ್ತು ಅಂತ ಹೇಳಿಕೊಳ್ಳುವ ಹಾಗೂ ಇರಲಿಲ್ಲವಲ್ಲ.

ಹಾಗಾಗಿ ಆ ಊರಿನವರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಗಂಡನ ಮಂಡಿ ಯಾವ ಮೆಟ್ಟಿಲಲ್ಲಿ ನೋಯುತ್ತದೆ ಅಂತ ಹೆಂಡತಿಗೆ ಗೊತ್ತಿತ್ತು, ಸೊಸೆಗೆ ತವರು ಯಾವ ತಿಂಗಳಲ್ಲಿ ನೆನಪಾಗುತ್ತದೆ ಅಂತ ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ಹೇಳದ ಅತ್ತೆಯರು ಅಲ್ಲೂ ಇದ್ದರು, ಆ ಮಾತು ಬೇರೆ. ಬಹಳ ಸಲ ತಪ್ಪು ಹೇಳುತ್ತಿದ್ದರು, ಗೋಣು ಅಲ್ಲ ಅನ್ನುತ್ತಿತ್ತು, ಮತ್ತೆ ಹೇಳುತ್ತಿದ್ದರು. ಹೀಗೆ ಅರ್ಧ ದಿನ ಹೋಗಿಬಿಡುತ್ತಿತ್ತು.

ಆಮೇಲೆ ದೊಡ್ಡಮನೆ ಬಂತು. ಊರಿನ ಎತ್ತರದಲ್ಲಿ ಗಾಜಿನ ಗೋಡೆ ಎಬ್ಬಿಸಿ ಕೂತಿತು, ಮನೆಮನೆಗೂ ಒಂದೊಂದು ನುಡಿಪೆಟ್ಟಿಗೆ ಕೊಟ್ಟಿತು. ಪೆಟ್ಟಿಗೆ ಹೊತ್ತುಹೊತ್ತಿಗೆ ಸರಿಯಾಗಿ ಮನೆಯವರ ಬೇಕುಗಳನ್ನು ನುಡಿಯುತ್ತಿತ್ತು. "ಆರು ಗಂಟೆ. ಈ ಮನೆಯವರಿಗೆ ಬಿಸಿನೀರು ಬೇಕು. ಒಂದು ಗಂಟೆ. ಈ ಮನೆಯವರಿಗೆ ಊಟ ಬೇಕು." ಪೆಟ್ಟಿಗೆಗೆ ಕಣ್ಣಿರಲಿಲ್ಲ, ಗೋಣು ನೋಡುವ ಗೊಡವೆ ಇರಲಿಲ್ಲ. ನುಡಿದದ್ದೆಲ್ಲ ಹೌದೇ ಅಂತ ದೊಡ್ಡಮನೆ ಸಾರಿಬಿಟ್ಟಿತು. ಎಲ್ಲರಿಗೂ ಬೇಕಾದಷ್ಟು ಹೊತ್ತು ಉಳಿಯಿತು. ಉಳಿದ ಹೊತ್ತಿನಲ್ಲಿ ಜನ ಏನು ಮಾಡಿದರು ಅನ್ನುವುದು ಮಾತ್ರ ಯಾರಿಗೂ ಸರಿಯಾಗಿ ನೆನಪಿಲ್ಲ.

ಆ ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸೊಬ್ಬಳಿದ್ದಳು. ಗಿರಣಿಯ ಸದ್ದಿನಲ್ಲಿ ಯಾವ ಪೆಟ್ಟಿಗೆಯ ಮಾತೂ ಕೇಳಿಸುವುದಿಲ್ಲ, ಅಲ್ಲಿ ಹಳೆಯ ಕಟ್ಟಳೆಯೇ ನಡೆಯುತ್ತಿತ್ತು. ಡಬ್ಬಿ ಹಿಡಿದು ಬಂದವರ ಮುಖ ನೋಡಿಯೇ ಅವಳು ಹೇಳುತ್ತಿದ್ದಳು: ಇವರಿಗೆ ರಾಗಿ ನುಣ್ಣಗೆ ಬೇಕು, ಇವರಿಗೆ ರವೆ ದಪ್ಪಗೆ ಬೇಕು, ಇವರಿಗೆ ಹಿಟ್ಟಿಗಿಂತ ಮೊದಲು ಕೂರಲು ಒಂದು ಮಣೆ ಬೇಕು. ನೂರಕ್ಕೆ ತೊಂಬತ್ತು ಗೋಣು ಕೆಳಗೆ ಬರುತ್ತಿದ್ದವು. ಆದರೆ ದೀಪದ ಬುಡದಲ್ಲಿ ಕತ್ತಲೆ. ಅವಳ ಬೇಕನ್ನು ಹೇಳುತ್ತಿದ್ದವನು ಅವಳ ಗಂಡ, ಅವನು ಸತ್ತು ಮೂರು ವರ್ಷವಾಗಿತ್ತು. ಹಿಟ್ಟು ಬೀಸಿಸಿಕೊಂಡವರು ಬಿಸಿ ಆರುವ ಮೊದಲೇ ಮನೆ ಸೇರುವವರು, ನಿಂತು ಅವಳ ಮುಖ ನೋಡುವವರಲ್ಲ.

ಮನೆಯಲ್ಲಿ ಪೆಟ್ಟಿಗೆ ಇತ್ತು. ಗಂಡ ಸತ್ತದ್ದು ಅದಕ್ಕೆ ಯಾರೂ ಹೇಳಿರಲಿಲ್ಲ, ಹೇಳೋಣವೆಂದರೆ ಅದಕ್ಕೆ ಕಿವಿಯೂ ಇರಲಿಲ್ಲ. ದಿನಾ ಹನ್ನೆರಡಕ್ಕೆ ನುಡಿಯುತ್ತಿತ್ತು: "ಈ ಮನೆಯ ಯಜಮಾನರಿಗೆ ಮಜ್ಜಿಗೆ ಬೇಕು." ನುಡಿದ ಮೇಲೆ ಕೊಡಲೇಬೇಕಲ್ಲ. ಅವಳು ಗಿರಣಿ ನಿಲ್ಲಿಸಿ, ಅದರ ಹಿಂದಿದ್ದ ಮನೆಗೆ ಹೋಗಿ, ಒಂದು ಲೋಟ ಮಜ್ಜಿಗೆ ಎರೆದು, ಗಂಡ ಕೂರುತ್ತಿದ್ದ ಮಣೆಯ ಪಕ್ಕ ಇಡುತ್ತಿದ್ದಳು. ಸಂಜೆ ಅದನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಗಿಡ ಸೊಂಪಾಗಿ ಬೆಳೆದಿತ್ತು.

ಹೋದ ಚಳಿಗಾಲದಲ್ಲಿ ಅವಳಿಗೆ ನಾಲ್ಕು ದಿನ ಜ್ವರ. ಪೆಟ್ಟಿಗೆ ಬಿಸಿನೀರು ನುಡಿಯಿತು, ಊಟ ನುಡಿಯಿತು, ಮಜ್ಜಿಗೆ ನುಡಿಯಿತು, ಜ್ವರದ ಕಷಾಯ ನುಡಿಯಲಿಲ್ಲ. ಮಜ್ಜಿಗೆಗೆ ಎದ್ದು ಹೋಗುವಾಗ ಎರಡು ಸಲ ಬಿದ್ದಳು. ಆ ನಾಲ್ಕು ದಿನದಲ್ಲಿ ಅವಳಿಗೆ ಸಾವಿನ ಹೆದರಿಕೆಯಾಗಲಿಲ್ಲ, ಹೀಗೆ ಬದುಕಿರುವುದರ ಹೆದರಿಕೆಯಾಯಿತು.

ಅಷ್ಟರಲ್ಲಿ ಡಂಗುರ ಕೇಳಿಸಿತು. ಜನರ ಬೇಕುಬೇಡ ಅರಿಯುವ ಕೆಲಸಕ್ಕೆ ದೊಡ್ಡಮನೆಗೆ ಒಬ್ಬರು ಬೇಕು. ದೊಡ್ಡಮನೆ ತನ್ನ ಬೇಕನ್ನು ತಾನೇ ಹೇಳುವಂತಿಲ್ಲವಾದ್ದರಿಂದ ಪಕ್ಕದ ಊರಿನ ಡಂಗುರದವನನ್ನು ಕರೆಸಿದ್ದರು. ಕೆಲಸ ಸಿಕ್ಕವರಿಗೆ ಒಬ್ಬ ನುಡಿಯಾಳನ್ನು ಕೊಡುತ್ತಾರೆ ಅಂತಲೂ ಅವನು ಸಾರಿದ. ನುಡಿಯಾಳು ಅಂದರೆ ಪೆಟ್ಟಿಗೆಯಲ್ಲ, ಉಸಿರಾಡುವ, ಎರಡು ಕಣ್ಣಿರುವ ಮನುಷ್ಯ. ದಿನವಿಡೀ ಬೆನ್ನ ಹಿಂದೆ ನಿಂತು ನಿಮ್ಮ ಬೇಕನ್ನು ಹೇಳುವುದೇ ಅವನ ಕೆಲಸ. ಗಿರಣಿಯಾಕೆಗೆ ಸಂಬಳದ ಮಾತು ಕಿವಿಗೇ ಬೀಳಲಿಲ್ಲ. ನನ್ನನ್ನು ನೋಡಲು ಒಬ್ಬರು, ಅಂದುಕೊಂಡಳು. ಹೊರಡುವ ಹಿಂದಿನ ದಿನ ಪೆಟ್ಟಿಗೆ ನುಡಿಯಿತು: "ಸಂದರ್ಶನಕ್ಕೆ ಹೋಗುವವರಿಗೆ ಹೊಸ ಚಪ್ಪಲಿ ಬೇಕು." ಕೊಂಡಳು. ಗುಡ್ಡ ಹತ್ತುವ ಹೊತ್ತಿಗೆ ಎಡಗಾಲ ಚಪ್ಪಲಿ ಹಿಮ್ಮಡಿ ಕಚ್ಚತೊಡಗಿತ್ತು.

ಬಾಗಿಲಲ್ಲಿ ಕಾವಲಿನವನಿದ್ದ. ಅವಳ ಹೆಸರು ಕೇಳದೆ ಎದೆಗೊಂದು ಹಳದಿ ಚೀಟಿ ಅಂಟಿಸಿ ಒಳಗೆ ಬಿಟ್ಟ. ಒಳಗಿನ ಗೋಡೆಗಳ ಮೇಲೂ ಹಳದಿ ಚೀಟಿಗಳೇ. ಒಂದೊಂದರ ಮೇಲೂ ಒಂದೊಂದು ಬೇಕು: ಬೆಳಕು ಬೇಕು, ಬೇಗ ಬೇಕು, ನೆಮ್ಮದಿ ಬೇಕು. ಯಾರಿಗೆ ಅಂತ ಯಾವ ಚೀಟಿಯಲ್ಲೂ ಇರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬ ಅಭ್ಯರ್ಥಿ, ಹನ್ನೊಂದನೆಯ ಸಲ ಬಂದವನು, ಅವಳಿಗೆ ಕಿವಿಮಾತು ಹೇಳಿದ.

"ಅಕ್ಕಾ, ನಾಲ್ಕು ಕೋಣೆ ಇದೆ. ಎಲ್ಲಾ ಕಡೆ ಕೇಳಿಸಿಕೊಳ್ಳೋ ಮುಖ ಇಟ್ಕೊಳ್ಳಿ. ಹೀಗೆ." ಅವನು ತಲೆಯನ್ನು ಸ್ವಲ್ಪ ವಾರೆ ಮಾಡಿ, ಹುಬ್ಬು ಎತ್ತಿ ತೋರಿಸಿದ.

"ಕೇಳಿಸಿಕೊಂಡ್ರೆ ಸಾಲದಾ?"

"ಎರಡೂ ಒಟ್ಟಿಗೆ ಆಗಲ್ಲ ಅಕ್ಕಾ. ಮುಖದ ಕಡೆ ಗಮನ ಕೊಟ್ರೆ ಮಾತು ತಪ್ಪಿಹೋಗುತ್ತೆ. ಮುಖಕ್ಕೇ ಅಂಕ ಇರೋದು."

ಮೊದಲ ಕೋಣೆಯಲ್ಲಿ ಎಣಿಸುವಾಕೆ ಕೂತಿದ್ದಳು. ಅವಳ ಬೆನ್ನ ಹಿಂದೆ ಕೈಯಲ್ಲಿ ಪಟ್ಟಿ ಹಿಡಿದ ನುಡಿಯಾಳು. ಗಿರಣಿಯಾಕೆ ಆಸೆಯಿಂದ ಅವನನ್ನೇ ನೋಡಿದಳು. ಅವನು ಪಟ್ಟಿಯನ್ನೇ ನೋಡುತ್ತಿದ್ದ.

"ನೀವು ಒಬ್ಬರ ಬೇಕು ಅರಿತ ಒಂದು ಸಂದರ್ಭ ಹೇಳಿ," ಅಂದಳು ಎಣಿಸುವಾಕೆ.

"ಒಬ್ಬರು ಅಜ್ಜಿ ಜೋಳ ತಂದಿದ್ರು. ಎಲ್ಲರ ಹಾಗೆ ಬೀಸಿ ಕೊಟ್ಟೆ. ಮಾರನೇ ವಾರ ಬಂದಾಗ ಕೆನ್ನೆ ಒಳಗೆ ಹೋಗಿತ್ತು. ಹಲ್ಲು ಬಿದ್ದಿದೆ, ರೊಟ್ಟಿ ಅಗಿಯೋಕೆ ಆಗ್ತಿಲ್ಲ ಅನ್ನಿಸ್ತು. ಇವರಿಗೆ ಗಂಜಿಯ ಹಿಟ್ಟು ಬೇಕು ಅಂದೆ. ಗೋಣು ಹಾಕಿದ್ರು."

"ಎಷ್ಟು ಜನ ಅಜ್ಜಿಯರು?"

"ಒಬ್ಬರೇ."

"ಒಬ್ಬರು ಅಂದ್ರೆ ಬರೀ ಸುದ್ದಿ, ತಾಯಿ. ಐದು ಜನ ಆದ್ರೆ ಸತ್ಯ. ಉಳಿದ ನಾಲ್ಕು ಜನ ಅಜ್ಜಿಯರನ್ನ ಯಾಕೆ ನೋಡಲಿಲ್ಲ?"

"ಅವರಿಗೆ ಹಲ್ಲಿತ್ತು," ಅಂದಳು ಗಿರಣಿಯಾಕೆ.

ಎಣಿಸುವಾಕೆ ಏನೋ ಬರೆದುಕೊಂಡಳು. ಮುಂದಿನ ಕೋಣೆಗೆ ಹೋಗಬಹುದು ಅಂತ ಕೈ ತೋರಿಸಿದಳು. ಗಿರಣಿಯಾಕೆ ಎಡಗಾಲು ಎಳೆದುಕೊಂಡು ಎದ್ದು ಹೋದದ್ದನ್ನು ಅವಳು ಬರೆದುಕೊಳ್ಳಲಿಲ್ಲ.

ಎರಡನೆಯ ಕೋಣೆಯಲ್ಲಿ ಒಬ್ಬಳು ಮರದ ಗೊಂಬೆ ಇದ್ದಳು. ಒಂದು ಅನ್ನಲಿಲ್ಲ, ಒಬ್ಬಳು ಅಂದೆ, ಯಾಕೆಂದರೆ ದೊಡ್ಡಮನೆಯಲ್ಲಿ ಅದಕ್ಕೆ ಮನುಷ್ಯರ ಮರ್ಯಾದೆ. ಕೊರಳಲ್ಲಿ ಹಲಗೆ: ಗೃಹಿಣಿ, ನಲವತ್ತು ವರ್ಷ, ಹೊಸತನ್ನು ಮೆಚ್ಚುವವಳು. ಪೆಟ್ಟಿಗೆ ಮಾಡುವವರೆಲ್ಲ ಮೊದಲು ಈ ಗೊಂಬೆಯನ್ನು ನೋಡಿ ಆಮೇಲೆ ಪೆಟ್ಟಿಗೆ ಮಾಡುತ್ತಿದ್ದರು. ಗೊಂಬೆಯ ಪಕ್ಕದ ಕುರ್ಚಿಯಲ್ಲಿ ಸಂದರ್ಶನ ಮಾಡುವ ಹಿರಿಯರು, ಅವರ ತಲೆಯ ಮೇಲೆ ಗಿರ್ರನೆ ತಿರುಗುವ ಫ್ಯಾನು.

"ಈಕೆಯನ್ನ ನೋಡಿ, ಈಕೆಗೆ ಏನು ಬೇಕು ಹೇಳಿ," ಅಂದರು ಹಿರಿಯರು. ಹೇಳುವಾಗ ಹಲ್ಲು ಕಟಕಟ ಅಂದಿತು.

ಗಿರಣಿಯಾಕೆ ಗೊಂಬೆಯನ್ನು ನೋಡಿದಳು. ಬಟ್ಟೆಯಲ್ಲಿ ಒಮ್ಮೆ ಒರೆಸಬೇಕು ಅನ್ನುವುದು ಬಿಟ್ಟರೆ ಅದಕ್ಕೆ ಏನೂ ಬೇಕಿರಲಿಲ್ಲ. ಕಣ್ಣು ತಾನಾಗಿ ಹಿರಿಯರ ಕಡೆ ಹೋಯಿತು. ತುಟಿ ನೀಲಿಯಾಗಿತ್ತು, ಎರಡೂ ಕೈ ಕಂಕುಳಲ್ಲಿದ್ದವು. ಆಗ ಅವರ ಹಿಂದಿದ್ದ ನುಡಿಯಾಳು ಪಟ್ಟಿ ಓದಿದ: "ಹನ್ನೊಂದು ಗಂಟೆ. ಇವರಿಗೆ ಗಾಳಿ ಬೇಕು." ಮೂಲೆಯಲ್ಲಿದ್ದ ಆಳು ಎದ್ದು ಫ್ಯಾನನ್ನು ಇನ್ನೊಂದು ಸುತ್ತು ಜೋರು ಮಾಡಿದ.

ಅವಳಿಗೆ ತಡೆಯಲಾಗಲಿಲ್ಲ. ಗಿರಣಿಯ ಬಾಯಿ ಅದು, ಕಂಡದ್ದು ಹೊರಗೆ ಬಂದೇ ಬಿಟ್ಟಿತು.

"ಇವರಿಗೆ ಚಳಿ. ಫ್ಯಾನು ನಿಲ್ಲಿಸಬೇಕು, ಹೊದೆಯೋಕೆ ಏನಾದ್ರೂ ಬೇಕು."

ಹೇಳಿ, ಅವರ ಗೋಣು ನೋಡುತ್ತಾ ನಿಂತಳು. ನುಡಿಯಾಳು ಗಾಬರಿಯಿಂದ ಹಾಳೆ ತಿರುವಿದ. "ಚಳಿ ಸಂಜೆ ಆರಕ್ಕಿದೆ," ಅಂದ. ಹಿರಿಯರು ಅವಳನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಆದರೆ ಗೋಣು ಅಲುಗಲಿಲ್ಲ. ಆ ಮನೆ ಸೇರಿದ ದಿನದಿಂದ ಯಾರೂ ಅದನ್ನು ಕೇಳಿರಲಿಲ್ಲ, ಇಪ್ಪತ್ತೆರಡು ವರ್ಷಗಳಲ್ಲಿ ಅದು ಅಲುಗುವುದನ್ನೇ ಮರೆತಿತ್ತು. ಗೋಣು ಆಡದೆ ಹೌದೂ ಇಲ್ಲ, ಅಲ್ಲವೂ ಇಲ್ಲ. ಫ್ಯಾನು ತಿರುಗುತ್ತಲೇ ಇತ್ತು. ಮೂಲೆಯ ಆಳು ಚೀಟಿಯಲ್ಲಿ ಬರೆದ: ಅಭ್ಯರ್ಥಿ ಗೊಂಬೆಯನ್ನು ಬಿಟ್ಟು ಸಂದರ್ಶಕರನ್ನು ನೋಡಿದರು.

ಗಿರಣಿಯಾಕೆ ಆ ನುಡಿಯಾಳನ್ನು ಇನ್ನೊಮ್ಮೆ ನೋಡಿದಳು. ಎರಡು ಕಣ್ಣಿರುವ ಮನುಷ್ಯ ಅಂತ ಡಂಗುರದವನು ಸಾರಿದ್ದು ಸುಳ್ಳಲ್ಲ, ಕಣ್ಣಿದ್ದವು, ಪಟ್ಟಿಯ ಮೇಲಿದ್ದವು. ಆದರೂ ಅವಳು ಆಸೆ ಬಿಡಲಿಲ್ಲ. ನನಗೆ ಸಿಗುವವನು ಹಾಗಿರಲಿಕ್ಕಿಲ್ಲ ಅಂದುಕೊಂಡಳು. ಮದುವೆಗೆ ಮುಂಚೆ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.

ಒಂದು ಗಂಟೆಗೆ ಎಲ್ಲ ಅಭ್ಯರ್ಥಿಗಳಿಗೂ ಊಟ ಬೇಕು ಅಂತ ಗೋಡೆ ನುಡಿಯಿತು, ಉಂಡರು. ಮೂರನೆಯ ಕೋಣೆಯಲ್ಲಿ ಪೆಟ್ಟಿಗೆ ಮಾಡುವ ಮುಖ್ಯಸ್ಥರು ಮೂವರು ಕೂತಿದ್ದರು. ಮೇಜಿನ ಮೇಲೆ ಹೊಸ ಪೆಟ್ಟಿಗೆ, ಹಳೆಯದಕ್ಕಿಂತ ಬಾಯಿ ದೊಡ್ಡದು.

"ಇದು ಹಳೇದಕ್ಕಿಂತ ಮೂರು ಪಟ್ಟು ಜೋರಾಗಿ ನುಡಿಯುತ್ತೆ," ಅಂದರು ಮೊದಲನೆಯವರು. "ಊರೊಳಗೆ ಹೋಗಿ ಇದು ಯಾರಿಗೆ ಬೇಕು ಅಂತ ಹುಡುಕಿ ತರೋದು ನಿಮ್ಮ ಕೆಲಸ."

"ಯಾರಿಗೂ ಬೇಡದೆ ಇದ್ರೆ?"

"ಈಗಾಗಲೇ ಮಾಡಿಬಿಟ್ಟಿದ್ದೀವಿ ತಾಯಿ. ಬೇಡ ಅನ್ನೋದಕ್ಕೆ ಈಗ ಹೊತ್ತು ಮೀರಿದೆ."

ಅವಳು ಹೊಸ ಪೆಟ್ಟಿಗೆಯ ಬಾಯಿ ನೋಡಿದಳು. "ಜನ ಪೆಟ್ಟಿಗೆ ಮೇಲೆ ಕಂಬಳಿ ಮುಚ್ಚಿ ಮಲಗ್ತಾರೆ. ನಮ್ಮ ಬೀದಿಯಲ್ಲೇ ಏಳು ಮನೆ ನೋಡಿದೀನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದಕ್ಕೇ ಜೋರು ಮಾಡಿದ್ದು," ಅಂದರು ಎರಡನೆಯವರು ಸಮಾಧಾನದಿಂದ.

ಇನ್ನು ಸುಮ್ಮನಿದ್ದು ಏನಾಗಬೇಕು ಅಂತ ಅವಳು ಮಜ್ಜಿಗೆಯ ವಿಷಯ ಹೇಳಿದಳು. ಯಾರಿಗೂ ಹೇಳಿರಲಿಲ್ಲ ಅದುವರೆಗೆ. ಗಂಡ ಸತ್ತದ್ದು, ಹನ್ನೆರಡು ಗಂಟೆ, ಲೋಟ, ಮಣೆ, ಕರಿಬೇವಿನ ಗಿಡ. ಹೇಳುತ್ತಾ ಹೇಳುತ್ತಾ ದನಿ ಒಡೆಯಿತು. ಮೂರನೆಯವರು ಮುಂದಕ್ಕೆ ಬಾಗಿ, ತಲೆ ವಾರೆ ಮಾಡಿ, ಹುಬ್ಬು ಎತ್ತಿ ಕೇಳಿದರು.

"ಮೂರು ವರ್ಷದಲ್ಲಿ ಎಷ್ಟು ದಿನ ತಪ್ಪಿದೆ?"

"ಒಂದು ದಿನವೂ ಇಲ್ಲ. ಇವತ್ತಿನದ್ದೂ ಬೆಳಿಗ್ಗೆಯೇ ಎರೆದಿಟ್ಟು ಬಂದೆ."

"ನೋಡಿ," ಅಂದರು ಅವರು ಉಳಿದಿಬ್ಬರಿಗೆ. "ಒಂದು ದಿನವೂ ಇಲ್ಲವಂತೆ. ಯಜಮಾನರು ಬದುಕಿದ್ದ ಮನೆಗಳಲ್ಲೂ ಮಜ್ಜಿಗೆ ಇಷ್ಟು ನಿಯಮದಿಂದ ನಡೆದಿಲ್ಲ." ಮೂವರೂ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದರು: ಮಜ್ಜಿಗೆ ಬೇಕು. ಗಿರಣಿಯಾಕೆ ಆ ಚೀಟಿಯನ್ನು ನೋಡುತ್ತಾ ಕೂತಳು. ಅದರಲ್ಲಿ ಅವಳ ಗಂಡನೂ ಇರಲಿಲ್ಲ, ಅವಳೂ ಇರಲಿಲ್ಲ. ಚಪ್ಪಲಿಯೊಳಗೆ ಹಿಮ್ಮಡಿ ಹಸಿಯಾಗಿತ್ತು, ರಕ್ತ ಇರಬೇಕು.

ಕೊನೆಯ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಎಣಿಸುವಾಕೆ, ಹಿರಿಯರು, ಮೂವರು ಮುಖ್ಯಸ್ಥರು. ಅವರ ಹಿಂದೆ ಐವರು ನುಡಿಯಾಳುಗಳು. ಇಲ್ಲಿ ಪ್ರಶ್ನೆ ಇಲ್ಲ. ಕೂತವರಲ್ಲಿ ಒಬ್ಬರಾದರೂ ಅಭ್ಯರ್ಥಿಯನ್ನು ನೋಡಿ "ಈಕೆಗೆ ಈ ಕೆಲಸ ಬೇಕು" ಅಂದರೆ, ಅವಳು ಗೋಣು ಹಾಕಿದರೆ, ಕೆಲಸ ಅವಳದು. ಹಳೆಯ ಕಟ್ಟಳೆಯನ್ನು ದೊಡ್ಡಮನೆ ಉಳಿಸಿಕೊಂಡಿದ್ದು ಅದೊಂದು ಕಡೆ, ಅದೂ ಶೋಭೆಗೆ. ಅವಳು ಎದುರಿಗೆ ನಿಂತಳು. ಜ್ವರದ ನಾಲ್ಕು ದಿನ ನೆನಪಾದವು. ಹೇಳಿ, ಯಾರಾದರೂ ಹೇಳಿ, ಅಂತ ಒಳಗೇ ಬೇಡಿಕೊಂಡಳು. ಬಾಯಿಬಿಟ್ಟು ಹೇಳುವಂತಿರಲಿಲ್ಲ. ಐವರೂ ಒಬ್ಬೊಬ್ಬರಾಗಿ ಹೇಳಬಹುದಾಗಿದ್ದ ಐದು ನಿಮಿಷ ಹಾಗೇ ಕಳೆಯಿತು. ಆಮೇಲೆ ಐವರು ನುಡಿಯಾಳುಗಳೂ ಒಟ್ಟಿಗೆ ಪಟ್ಟಿ ಓದಿದರು.

"ನಾಲ್ಕು ಗಂಟೆ. ಇವರಿಗೆ ಇನ್ನಷ್ಟು ಅಭ್ಯರ್ಥಿಗಳು ಬೇಕು."

ನುಡಿದ ಮೇಲೆ ಕೊಡಲೇಬೇಕು. ಬಾಗಿಲು ತೆರೆದು ಮುಂದಿನವನನ್ನು ಕರೆದರು. ಹನ್ನೊಂದು ಸಲದ ಅಭ್ಯರ್ಥಿ ತಲೆ ವಾರೆ ಮಾಡಿಕೊಂಡು ಒಳಗೆ ಬಂದ. ಗಿರಣಿಯಾಕೆ ಕುಂಟುತ್ತಾ ಹೊರಗೆ ಹೋದಳು.

ಹೊರಬಾಗಿಲ ಮೆಟ್ಟಿಲವರೆಗೆ ಹೋಗಿ ಕೂತುಬಿಟ್ಟಳು. ಗುಡ್ಡ ಇಳಿಯುವ ಶಕ್ತಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹೆಜ್ಜೆ ಸದ್ದಾಯಿತು. ಹಿರಿಯರು ಒಬ್ಬರೇ ಬಂದಿದ್ದರು. ಅವರ ನುಡಿಯಾಳು ನಾಳೆಯ ಪಟ್ಟಿ ತರಲು ಹೋಗಿದ್ದ. ಅವಳ ಎದುರು ಬಂದು ನಿಂತರು, ಎರಡೂ ಕೈಯಲ್ಲಿ ತಮ್ಮ ಕತ್ತನ್ನು ಹಿಡಿದು ಸ್ವಲ್ಪ ತಿಕ್ಕಿದರು. ಆಮೇಲೆ ನಿಧಾನವಾಗಿ, ತುಕ್ಕು ಹಿಡಿದ ಬಾವಿಯ ರಾಟೆ ತಿರುಗುವ ಹಾಗೆ, ಗೋಣು ಕೆಳಗೆ ಹಾಕಿದರು.

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಅವಳು ಹೇಳಿದ ಮಾತಿಗೆ ಹೌದು ಅನ್ನುತ್ತಿದ್ದರು.

"ಹೌದಂತೆ," ಅಂದಳು ಕಾವಲಿನವನಿಗೆ. "ಇವರಿಗೆ ಚಳಿ."

ಕಾವಲಿನವನು ಹಳೆಯ ಕಾಲದ ಮನುಷ್ಯ. ಮರುಮಾತಿಲ್ಲದೆ ತನ್ನ ಕಂಬಳಿ ತಂದು ಹೊದಿಸಿದ. ಹಿರಿಯರು ಕಂಬಳಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಅವಳಿಂದ ಒಂದು ಮಾರು ದೂರದಲ್ಲಿ ಕೂತರು. ಕೂತು, ಅವಳ ಮುಖವನ್ನು ನೋಡತೊಡಗಿದರು. ಬೇಕುಬೇಡ ಅರಿಯುವವರನ್ನು ಇಪ್ಪತ್ತೆರಡು ವರ್ಷ ಆರಿಸಿದವರು. ತಾವೇ ಅರಿಯಲು ಕೂತದ್ದು ಅದೇ ಮೊದಲು.

"ಇವರಿಗೆ... ಹಸಿವು," ಅಂದರು.

ಅವಳ ಗೋಣು ಅಕ್ಕಪಕ್ಕ ಆಡಿತು. ಅವಳದಕ್ಕೂ ಅಭ್ಯಾಸ ತಪ್ಪಿತ್ತು, ಚುಳುಕ್ ಅಂದಿತು.

"ಇವರಿಗೆ ನೀರು ಬೇಕು."

ಅಲ್ಲ.

"ಇವರಿಗೆ ಕೆಲಸ ಬೇಕು." ಹೇಳುವಾಗ ಅವರ ದನಿ ತಗ್ಗಿತು. ಅರ್ಧ ಗಂಟೆ ಹಿಂದೆ ಒಳಗೆ ಹೇಳಬೇಕಾಗಿದ್ದ ಮಾತು ಅದು. ಅವಳ ಗೋಣು ಕೆಳಗೂ ಬರಲಿಲ್ಲ, ಅಕ್ಕಪಕ್ಕವೂ ಆಡಲಿಲ್ಲ. ಅವಳಿಗೇ ಆಶ್ಚರ್ಯವಾಯಿತು.

ಹಿರಿಯರು ಬಿಡಲಿಲ್ಲ. ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು. ನೋಡುತ್ತಾ ನೋಡುತ್ತಾ ಅವರ ದೃಷ್ಟಿ ಕೆಳಗಿಳಿದು ಎಡಗಾಲಿನ ಹತ್ತಿರ ನಿಂತಿತು.

"ಇವರಿಗೆ ಚಪ್ಪಲಿ ಕಚ್ತಾ ಇದೆ," ಅಂದರು.

ಅವಳ ಗೋಣು ಕೆಳಗೆ ಬಂತು. ಬಂದದ್ದು ಮೇಲೇಳಲಿಲ್ಲ, ಹಾಗೇ ಮಂಡಿಯ ಮೇಲೆ ಹಣೆಯಿಟ್ಟು ಅತ್ತುಬಿಟ್ಟಳು. ಕಾವಲಿನವನು ಬಾಗಿಲ ತಿರುಗಣಿಗೆ ಹಾಕುವ ಹರಳೆಣ್ಣೆ ತಂದು ಕೊಟ್ಟ, ಅವಳು ಹಿಮ್ಮಡಿಗೆ ಹಚ್ಚಿಕೊಂಡು ಬರಿಗಾಲಲ್ಲಿ ಗುಡ್ಡ ಇಳಿದಳು.

ಗಾಜಿನ ಗೋಡೆಯ ಹಿಂದಿನಿಂದ ಇದನ್ನೆಲ್ಲ ಯಾರೋ ನೋಡಿದ್ದರು. ಮಾರನೆಯ ದಿನದ ಪಟ್ಟಿಯಲ್ಲಿ ಹೊಸ ಸಾಲು ಸೇರಿತ್ತು: ನಾಲ್ಕೂವರೆ ಗಂಟೆ, ಅಭ್ಯರ್ಥಿಗಳ ಎಡ ಹಿಮ್ಮಡಿಗೆ ಹರಳೆಣ್ಣೆ ಬೇಕು. ಇಂದಿಗೂ ಆ ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ ಎಲ್ಲರಿಗೂ ಹಚ್ಚುತ್ತಾರಂತೆ. ಬರಿಗಾಲಲ್ಲಿ ಬಂದವರಿಗೂ ಬಿಡುವುದಿಲ್ಲ. ಎಣ್ಣೆಗಾಲಲ್ಲಿ ಜಾರಿ ಬಿದ್ದವರ ಲೆಕ್ಕ ದೊಡ್ಡಮನೆಯಲ್ಲಿಲ್ಲ. ಒಬ್ಬರು ಬಿದ್ದರೆ ಅದು ಸುದ್ದಿ ತಾನೇ.

ಆ ವಾರದಲ್ಲೇ ಒಂದು ದಿನ ಹಿರಿಯರು ಕಂಬಳಿ ಹೊದ್ದು, ಒಂದು ಡಬ್ಬಿ ಗೋಧಿ ಹಿಡಿದು ಗಿರಣಿಗೆ ಬಂದರು. ಅವಳು ಮುಖ ನೋಡಿ, "ಇವರಿಗೆ ಬೀಸೋದು ಬೇಕು, ಅವಸರವಿಲ್ಲ," ಅಂದಳು. ಗೋಣು ಕೆಳಗೆ ಬಂತು. ಬೀಸುತ್ತಿರುವಾಗ ಗಡಿಯಾರ ನೋಡಿ ಗಿರಣಿ ನಿಲ್ಲಿಸಿದಳು. ಸದ್ದು ನಿಂತಾಗ ಹಿಂದಿನ ಮನೆಯಿಂದ ಪೆಟ್ಟಿಗೆಯ ದನಿ ಕೇಳಿಸಿತು.

"ಹನ್ನೆರಡು ಗಂಟೆ. ಈ ಮನೆಯ ಯಜಮಾನರಿಗೆ ಮಜ್ಜಿಗೆ ಬೇಕು."

ಅವಳು ಕೈಯ ಹಿಟ್ಟು ಕೊಡವಿ ಒಳಗೆ ಹೋದಳು. ಹಿರಿಯರು ಬಾಗಿಲವರೆಗೆ ಬಂದು ನಿಂತರು. ಲೋಟ ಕಂಡರು, ಖಾಲಿ ಮಣೆ ಕಂಡರು, ಹಿತ್ತಿಲ ಬಾಗಿಲಾಚೆ ಆಳೆತ್ತರ ಬೆಳೆದ ಕರಿಬೇವಿನ ಗಿಡ ಕಂಡರು. ಲೋಟ ಹಿಡಿದು ಬಗ್ಗಿದ ಅವಳನ್ನು ಕಂಡರು. ಮೂರನೆಯ ಕೋಣೆಯ ಗೋಡೆಯ ಮೇಲಿನ ಹೊಸ ಚೀಟಿಯನ್ನು ಅವರೂ ಓದಿದ್ದರು. ಯಾರ ಮಜ್ಜಿಗೆ ಅನ್ನುವುದು ಈಗ ಗೊತ್ತಾಯಿತು.

"ಇವರಿಗೆ," ಅಂದರು, ನಿಲ್ಲಿಸಿದರು, ಮತ್ತೆ ಹೇಳಿದರು. "ಇವರಿಗೆ ಇನ್ನು ಮಜ್ಜಿಗೆ ಎರೆಯೋದು ಬೇಕಾಗಿಲ್ಲ."

ಅವಳು ಲೋಟ ಹಿಡಿದು ಹಾಗೇ ನಿಂತಳು. ಗೋಣು ಕೆಳಗೆ ಬರಲಿಲ್ಲ, ಅಕ್ಕಪಕ್ಕ ಆಡಲಿಲ್ಲ. ಹೊರಗೆ ಇನ್ಯಾರೋ ಡಬ್ಬಿ ತಂದಿಟ್ಟ ಸದ್ದಾಯಿತು. ಪೆಟ್ಟಿಗೆ ಮುಂದಿನ ಬೇಕನ್ನು ನುಡಿಯಿತು, ಅದರ ಮುಂದಿನದನ್ನೂ ನುಡಿಯಿತು. ಹಿರಿಯರು ಬಾಗಿಲ ಚೌಕಟ್ಟಿಗೆ ಒರಗಿ, ಅವಳ ಗೋಣನ್ನೇ ನೋಡುತ್ತಾ ಕಾದರು.